ಮಮತಾ ಹಾಕಿದ ಆರು ಫೋಟೊ

ನಮ್ಮ ಯಲ್ಲಾಪುರದ ಜನ ಮಧ್ಯಾಹ್ನದ ಊಟಕ್ಕೆ ಕೂರುವ ಮೊದಲು ಕೈ ತೊಳೆಯುತ್ತಾರೋ ಇಲ್ಲವೋ ನಾನು ಹೇಳಲಾರೆ. ಆದರೆ ಟಿವಿಯಲ್ಲಿ ಇವತ್ತು ಯಾರು ಸತ್ತರು ಎಂದು ಮಾತ್ರ ತಪ್ಪದೆ ನೋಡುತ್ತಾರೆ. ಹನ್ನೆರಡೂ ಮುಕ್ಕಾಲಿಗೆ ಉಲ್ಲಾಸನ ಕೇಬಲ್ ವಾಹಿನಿಯಲ್ಲಿ ಹಾಡು ನಿಲ್ಲುತ್ತದೆ, ಕಪ್ಪು ಪರದೆಯ ಮೇಲೆ ಹಾರ ಹಾಕಿದ ಫೋಟೊ ಬರುತ್ತದೆ. ಸತ್ತವರು ಕುಲದವರಾದರೆ ಸೂತಕ, ಸ್ನಾನ ಮಾಡದೆ ಉಣ್ಣುವಂತಿಲ್ಲ. ಅಲ್ಲವಾದರೆ ಬಡಿಸಬಹುದು. ಮುಖ ನೋಡುವುದು, ಹೆಸರು ಓದುವುದು, ನಮ್ಮವರಲ್ಲ ಎನ್ನುವುದು, ತಟ್ಟೆ ಎಳೆದುಕೊಳ್ಳುವುದು. ನಾನು ಸತೀಶ, ಹದಿನೆಂಟು ವರ್ಷ ಈ ಊರಿನ ಕಂಬ ಹತ್ತಿ ಇಳಿದ ಕೇಬಲ್ ಲೈನ್‌ಮನ್. ನನ್ನ ಮಾತು ನಂಬಿ, ಈ ಊರು ಕೇಬಲ್ ಇಟ್ಟುಕೊಂಡದ್ದೇ ಈ ಹತ್ತು ನಿಮಿಷಕ್ಕಾಗಿ.

ಆ ಕಪ್ಪು ಪರದೆ ಮಾಡುತ್ತಿದ್ದವಳು ಮಮತಾ. ಮಾಗೋಡಿನ ರಸ್ತೆಯಿಂದ ಕೆಳಗೆ ಇಳಿದರೆ ಬೇಡ್ತಿ ಹೊಳೆಯ ದಂಡೆಯಲ್ಲಿ ಕೆಳಗಿನಕೊಪ್ಪ ಅಂತ ಆರು ಮನೆಯ ಕೇರಿ. ಅವಳು ಹುಟ್ಟಿದ್ದು ಅಲ್ಲಿ. ಅಪ್ಪ ಅಮ್ಮ ಬೇಗ ಹೋದರು, ಸೋದರಮಾವ ನಾಗಪತಿ ಸಾಕಿದ. ಸಾಕಿದ ಎಂಬುದನ್ನು ಅವನು ದಿನಕ್ಕೆ ಮೂರು ಸಲ ಹೇಳುತ್ತಿದ್ದ, ಅವಳು ಮರೆತುಬಿಟ್ಟರೆ ಕಷ್ಟ ಎಂದು. ಪಿಯುಸಿ ಆದಮೇಲೆ ಪೇಟೆಗೆ ಬಂದು ಕನ್ನಡ ಟೈಪಿಂಗ್ ಕಲಿತಳು, ಬಸ್ ಸ್ಟ್ಯಾಂಡ್ ಹಿಂದೆ ಒಂದು ಕೋಣೆ ಹಿಡಿದಳು, ಉಲ್ಲಾಸನ ಕೇಬಲ್ ಆಫೀಸಿಗೆ ಸೇರಿದಳು. ಹನ್ನೊಂದು ವರ್ಷ ಅದೇ ಕುರ್ಚಿ. ಯಾರದೋ ಮದುವೆಯ ಗುಂಪು ಫೋಟೊದಿಂದ ಒಂದು ಮುಖ ಕತ್ತರಿಸಿ ತೆಗೆದು, ಹಿಂದಿನ ಚಪ್ಪರ ಅಳಿಸಿ, ಹಾರ ಕೂರಿಸುವುದು ಅವಳ ಕೆಲಸ. ಅಳುತ್ತ ಬಂದವರು ಹತ್ತು ನಿಮಿಷದಲ್ಲಿ ಕಣ್ಣೊರೆಸಿಕೊಂಡು, ಕೋಟು ಹಾಕಿದ ಫೋಟೊ ಹಾಕಬೇಕೋ ಟೊಪ್ಪಿಯದ್ದೋ ಎಂದು ಅವಳ ಎದುರೇ ಕಚ್ಚಾಡುತ್ತಿದ್ದರು. ಅವಳು ಸುಮ್ಮನೆ ಕಾಯುತ್ತಿದ್ದಳು. ಒಂದು ಅಕ್ಷರ ತಪ್ಪು ಮಾಡುತ್ತಿರಲಿಲ್ಲ.

ಅದಕ್ಕೆ ಊರು ಅವಳಿಗೆ ಕೊಟ್ಟ ಬಹುಮಾನ ಒಂದು ಅಡ್ಡಹೆಸರು. 'ಸಾವಿನ ಮಮತಾ.' ಮದುವೆಮನೆಯಲ್ಲಿ ಅವಳು ಒಂದು ಬೆಂಚಿನಲ್ಲಿ ಕೂತರೆ ಪಕ್ಕದ ಹೆಂಗಸರು ಮಗುವನ್ನು ಎತ್ತಿಕೊಂಡು ಆಚೆ ಬೆಂಚಿಗೆ ಹೋಗುತ್ತಿದ್ದರು. ಹಾಗೆ ಎದ್ದು ಹೋದವರೇ ತಮ್ಮ ಮನೆಯಲ್ಲಿ ಯಾರಾದರೂ ಹೋದಾಗ ಬೆಳಿಗ್ಗೆ ಆರಕ್ಕೆ ಅವಳ ಕೋಣೆಯ ಬಾಗಿಲು ಬಡಿಯುತ್ತಿದ್ದರು. ಇಂಥ ಜನರ ಬಗ್ಗೆ ನನಗೆ ಹೇಸಿಗೆ, ಅದನ್ನು ಮುಚ್ಚಿಡುವ ಮನಸ್ಸಿಲ್ಲ.

ಇನ್ನು ನಮ್ಮ ಧಣಿ ಉಲ್ಲಾಸ. ಮೊದಲು ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ, ಈಗ ತನ್ನನ್ನು ಮಾಧ್ಯಮ ಎಂದು ಕರೆದುಕೊಳ್ಳುತ್ತಾನೆ. ಹೊಳೆ ಏರುತ್ತದೆ, ಗಾಳಿ ಬೀಸುತ್ತದೆ, ಗುಡ್ಡ ಜರಿಯಬಹುದು ಎಂದು ಮೇಲಿನ ಕಚೇರಿಯಿಂದ ಎಚ್ಚರಿಕೆ ಬಂದರೆ ಕೇಬಲ್‌ನವರು ಅದನ್ನು ಟಿವಿಯ ಕೆಳಗೆ ಓಡುವ ಪಟ್ಟಿಯಲ್ಲಿ ಹಾಕಬೇಕು, ಹಾಕಿದ್ದಕ್ಕೆ ಒಂದು ಫೋಟೊ ಕಳಿಸಬೇಕು. ಉಲ್ಲಾಸನ ತಲೆಗೆ ಹತ್ತಿದ್ದು ಫೋಟೊ ಒಂದೇ. ಎಚ್ಚರಿಕೆ ಹಾಕಿಸುವುದು, ಮೊಬೈಲ್ ಹಿಡಿದು ಪರದೆಯ ಫೋಟೊ ಹೊಡೆಯುವುದು, ವಾಟ್ಸಾಪಿನಲ್ಲಿ ಕಳಿಸಿ ಕೈಮುಗಿಯುವ ಗುರುತು ಒತ್ತುವುದು, ಆಮೇಲೆ ಎಚ್ಚರಿಕೆಯನ್ನು ಜಾಹೀರಾತುಗಳ ಬಾಲಕ್ಕೆ ತಳ್ಳುವುದು. ಸೀರೆ ಅಂಗಡಿ, ಜೆಸಿಬಿ ಬಾಡಿಗೆ, ಟ್ಯೂಷನ್, ಮೂಲವ್ಯಾಧಿಯ ಔಷಧ, ಯಾರದೋ ಮೊಮ್ಮಗನ ಹುಟ್ಟುಹಬ್ಬ, ಇವೆಲ್ಲ ಮುಗಿದು ಹದಿನೇಳನೆಯದಾಗಿ ರೆಡ್ ಅಲರ್ಟ್. ಒಂದು ವರ್ಷವಂತೂ ಆ ಎಚ್ಚರಿಕೆಗೂ ಒಬ್ಬ ಛತ್ರಿ ಅಂಗಡಿಯವನನ್ನು ಪ್ರಾಯೋಜಕನಾಗಿ ಹಿಡಿದು ತಂದಿದ್ದ. ನಾಚಿಕೆ ಎಂಬುದು ಅವನ ಮನೆಯ ಹತ್ತಿರವೂ ಸುಳಿದಿಲ್ಲ.

ಹೋದ ವರ್ಷ ಚೌತಿಗೆ ಎಂಟು ದಿನ ಇತ್ತು. ನಮ್ಮಲ್ಲಿ ಮಳೆ ಬಿಟ್ಟು ಎರಡು ದಿನ ಆಗಿತ್ತು, ಒಳ್ಳೇ ಬಿಸಿಲು. ಆದರೆ ಬೇಡ್ತಿಗೆ ನಮ್ಮ ಬಿಸಿಲು ಲೆಕ್ಕಕ್ಕಿಲ್ಲ. ಅದು ಬರುವುದು ಮೂಡಣ ಬಯಲುಸೀಮೆಯಿಂದ, ಅಲ್ಲಿ ಹಿಂದಿನ ರಾತ್ರಿಯಿಡೀ ಸುರಿದು ಕೆರೆಗಳು ಕೋಡಿ ಬಿದ್ದಿದ್ದವು. ಬೆಳಿಗ್ಗೆ ಹತ್ತೂವರೆಗೆ ಆಫೀಸಿನ ಫೋನಿಗೆ ಸಂದೇಶ ಬಂತು: ಸಂಜೆ ನಾಲ್ಕರಿಂದ ಆರರೊಳಗೆ ಹೊಳೆ ದಂಡೆ ಮೀರುತ್ತದೆ, ತಗ್ಗಿನ ಮನೆಗಳವರು ಎತ್ತರದ ಜಾಗಕ್ಕೆ ಹೋಗಬೇಕು. ಕೆಳಗೆ ಊರುಗಳ ಪಟ್ಟಿ. ಅದರಲ್ಲಿ ಕೆಳಗಿನಕೊಪ್ಪದ ಹೆಸರಿತ್ತು.

ಮಮತಾ ಮೊದಲು ಮಾವನಿಗೆ ಫೋನು ಹಚ್ಚಿದಳು. ನಾನು ಪಕ್ಕದಲ್ಲೇ ಕೂತು ವೈರಿನ ತುದಿ ಬಿಡಿಸುತ್ತಿದ್ದೆ.

"ಮಾವ, ಸಂಜೆ ಹೊಳೆ ಬರ್ತದಂತೆ. ಎಲ್ಲರೂ ಮೇಲಿನ ಶಾಲೆಗೆ ಹೋಗಿ."

"ಯಾರು ಹೇಳಿದ್ದು?" ಸ್ಪೀಕರಿನಲ್ಲಿ ನಾಗಪತಿಯ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಆಫೀಸಿಂದ ಬಂದದೆ. ನಮ್ಮೂರ ಹೆಸರೇ ಅದೆ."

"ಆಫೀಸಲ್ಲಿ ಕೂತವರಿಗೆ ಹೊಳೆ ಎಲ್ಲದೆ ಗೊತ್ತದ್ಯಾ? ಇಲ್ಲಿ ಬೆಂಕಿ ಬಿಸಿಲು. ನಿನ್ನ ಅತ್ತೆ ಕಂಬಳಿ ಒಣಗ್ಸೂಕೆ ಹಾಕಿದ್ದಾಳೆ. ನಾನು ಅರವತ್ತು ವರ್ಷ ಈ ಹೊಳೆ ನೋಡಿದವ. ನಿನಗೆ ಅನ್ನ ಹಾಕಿ ಸಾಕಿದ್ದು ನಾನು, ನೀ ನನಗೆ ಬುದ್ಧಿ ಹೇಳೂದು ಬೇಡ."

ಫೋನು ಕಟ್ಟಾಯಿತು. ಉಳಿದ ಮನೆಗಳಿಗೂ ಮಾಡಿದಳು. ಒಬ್ಬ ನಕ್ಕ. ಒಬ್ಬಳು, ಹೋದ ತಿಂಗಳೂ ಹೀಗೇ ಹೇಳಿ ಮಕ್ಕಳಿಗೆ ಸುಮ್ಮನೆ ಶಾಲೆ ರಜೆ ಆಯಿತು ಎಂದಳು. ಇನ್ನೊಬ್ಬ, ನಾಗಪತಣ್ಣ ಹೊರಟರೆ ನಾವೂ ಹೊರಡುತ್ತೇವೆ ಎಂದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಳುಗಲಿಕ್ಕೆ ತಯಾರು.

ಆಮೇಲೆ ಉಲ್ಲಾಸನ ಹತ್ತಿರ ಹೋದಳು. "ಸರ್, ಇವತ್ತೊಂದು ದಿನ ಜಾಹೀರಾತೆಲ್ಲ ತೆಗೆದು ಇದನ್ನೊಂದೇ ಓಡಿಸೋಣ."

"ಚೌತಿ ಸೀಜನ್ನು, ಮಾರಾಯ್ತಿ!" ಎಂದ ಅವನು, ತಲೆ ಕೂಡ ಎತ್ತದೆ. "ಫೋಟೊ ಕಳಿಸಿ ಆಯ್ತಲ್ಲ. ನಮ್ಮ ಕೆಲಸ ಮುಗೀತು."

ಇನ್ನೊಂದು ದಾರಿ ಇತ್ತು. ಸೆಟ್‌ಟಾಪ್ ಬಾಕ್ಸಿಗೇ ನೇರವಾಗಿ ಸಂದೇಶ ಕಳಿಸಬಹುದು. ಯಾವ ಚಾನೆಲ್ ನೋಡುತ್ತಿದ್ದರೂ ಪರದೆಯ ನಡುವೆ ನೀಲಿ ಡಬ್ಬಿ ಬಂದು ಕೂರುತ್ತದೆ. ಅದರ ಗುಂಡಿ ಇರುವುದು ನಗರದಲ್ಲಿ, ನಮಗೆ ಸಿಗ್ನಲ್ ಕೊಡುವವರ ಕೈಯಲ್ಲಿ. ಮಮತಾ ಅಲ್ಲಿಗೆ ಫೋನು ಮಾಡಿ ಅರ್ಧ ಗಂಟೆ ಬೇಡಿಕೊಂಡಳು, ಅವರು ಕಳಿಸಿದರು. ಆ ಹೊತ್ತಿಗೆ ನಾನು ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ಧಾರಾವಾಹಿಯ ಅತ್ತೆಯ ಮುಖದ ಮೇಲೆ ನೀಲಿ ಡಬ್ಬಿ ಬಂತು. ಗಲ್ಲೆಯಲ್ಲಿದ್ದವನು ರಿಮೋಟ್ ಎತ್ತಿ, ಓದದೆ, ಎಕ್ಸಿಟ್ ಒತ್ತಿದ. "ರೀಚಾರ್ಜ್ ಮಾಡಿದ್ದೇನಲ್ಲ ಸತೀಶಣ್ಣ, ಮತ್ತೆಂತಕ್ಕೆ ಬರ್ತದೆ ಇದು?" ಎಂದು ನನ್ನನ್ನೇ ಬೈದ. ಅವನದೇನು ತಪ್ಪು? ಇಷ್ಟು ವರ್ಷ ನಾವು ಆ ಡಬ್ಬಿಯಲ್ಲಿ ಕಳಿಸಿದ್ದು ನಿಮ್ಮ ಪ್ಯಾಕ್ ಮುಗಿಯಿತು ಎಂಬ ಒಂದೇ ಸಂಗತಿ. ತಾಲ್ಲೂಕಿನಲ್ಲಿ ಇದ್ದಬದ್ದ ಹೆಬ್ಬೆರಳುಗಳೆಲ್ಲ ಆ ನಿಮಿಷ ಎಕ್ಸಿಟ್ ಒತ್ತಿರಬೇಕು.

ಹಿಂದೆ ಬಂದಾಗ ಮಮತಾ ಬಾಗಿಲಲ್ಲೇ ನಿಂತಿದ್ದಳು. ತಾಲ್ಲೂಕು ಕಚೇರಿಯ ಜೀಪಿನವರನ್ನು ಕೇಳಿದ್ದಳಂತೆ, ಜೀಪು ಇನ್ನೊಂದು ಹಳ್ಳದ ಜನರನ್ನು ಎಬ್ಬಿಸಲು ಹೋಗಿತ್ತು. ಮಾಗೋಡಿನ ಬಸ್ಸು ಇದ್ದದ್ದು ಮೂರೂವರೆಗೆ.

"ಸತೀಶಣ್ಣ, ನಿಮ್ಮ ಬೈಕಲ್ಲಿ ಒಮ್ಮೆ ಹೋಗಿ ಬನ್ನಿ. ನಾ ಹೇಳಿದ್ರೆ ಕೇಳೂದಿಲ್ಲ, ನೀವು ಹೇಳಿದ್ರೆ ಕೇಳ್ಬಹುದು."

ನಾನು ಆಕಾಶ ನೋಡಿದೆ. ಒಂದು ಮೋಡ ಇರಲಿಲ್ಲ. "ಊಟ ಮಾಡ್ಕಂಡು ಹೋಗ್ತೇನೆ ಮಾರಾಯ್ತಿ" ಎಂದೆ. ಹೋಗುವ ಮನಸ್ಸೇ ಇರಲಿಲ್ಲ. ಇಷ್ಟು ಹೊತ್ತು ಊರಿನವರನ್ನು ಬೈದೆನಲ್ಲ, ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿ. ಮುಂದಿನ ಜಾಗ ಕೊಟ್ಟರೂ ಆದೀತು.

ಅವಳು ಗಡಿಯಾರ ನೋಡಿದಳು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು.

ಹನ್ನೆರಡೂವರೆಗೆ ಉಲ್ಲಾಸ ಮನೆಗೆ ಹೋದ, ನಾನೂ ಹೋದೆ. ನನ್ನ ಹೆಂಡತಿ ಸೌಟು ಹಿಡಿದು ಟಿವಿಯ ಮುಂದೆ ನಿಂತಿದ್ದಳು. ಹಾಡು ನಿಂತಿತು, ಪರದೆ ಕಪ್ಪಾಯಿತು. ಒಂದಲ್ಲ, ಎರಡಲ್ಲ, ಆರು ಫೋಟೊ. ಆರಕ್ಕೂ ಹಾರ. ಮೇಲಿನ ಸಾಲಿನಲ್ಲಿ ಮೊದಲನೆಯವನು ನಾಗಪತಿ, ಕೆಂಪು ಮುಂಡಾಸು ಸುತ್ತಿಕೊಂಡು ನಗುತ್ತಿದ್ದಾನೆ. ಕೆಳಗೆ ದಪ್ಪ ಅಕ್ಷರದಲ್ಲಿ ಕೆಳಗಿನಕೊಪ್ಪ.

"ಅಯ್ಯಯ್ಯೋ, ನಿಮ್ಮ ಮಮತಾನ ಮಾವ! ಹೊಳೆ ಪಾಲಾದರಂತೆ!" ಹೆಂಡತಿಯ ಸೌಟು ಕೆಳಗೆ ಬಿತ್ತು.

ನಾನು ಖಾಲಿ ತಟ್ಟೆಯ ಮುಂದಿನಿಂದ ಎದ್ದೆ. ಹೊಳೆ ಸಂಜೆಗೆ ಕಾಯಲಿಲ್ಲ, ಆಗಲೇ ಬಂದುಬಿಟ್ಟಿದೆ, ನಾನು ಹೋಗಿದ್ದರೆ ಆರು ಜನ ಉಳಿಯುತ್ತಿದ್ದರು ಎಂದುಕೊಂಡೆ. ಬೈಕ್ ಹತ್ತಿದೆ. ಮಾಗೋಡಿನ ರಸ್ತೆಯಲ್ಲಿ ನಾನು ಅತ್ತದ್ದು ಯಾರಿಗೂ ಗೊತ್ತಿಲ್ಲ, ಈಗ ಹೇಳುತ್ತಿದ್ದೇನೆ.

ಹದಿನೈದು ಕಿಲೋಮೀಟರು ಹೋಗಿರಬೇಕು, ಎದುರಿನಿಂದ ಎರಡು ಜೀಪು, ಒಂದು ಟೆಂಪೊ ಬಂದವು. ಮುಂದಿನ ಜೀಪಿನ ಮುಂದಿನ ಸೀಟಿನಲ್ಲಿ ಸತ್ತ ನಾಗಪತಿ ಕೂತಿದ್ದ. ಮುಖ ಕೆಂಪಾಗಿತ್ತು. "ಉಲ್ಲಾಸ ಎಲ್ಲವ್ನೆ? ಇವತ್ತು ಅವನ ಫೋಟೊಕ್ಕೆ ಹಾರ ಹಾಕ್ತೇನೆ!" ಎಂದು ನನಗೆ ಕೂಗಿ ಮುಂದೆ ಹೋದ. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಬೈಕ್ ತಿರುಗಿಸಿದೆ.

ಆದದ್ದು ಇಷ್ಟು. ಸುತ್ತಲಿನ ನೆಂಟರೆಲ್ಲ ಫೋಟೊ ನೋಡಿ, ಉಣ್ಣದೆ, ಸಿಕ್ಕ ಗಾಡಿ ಹತ್ತಿ ಅಳುತ್ತ ಕೆಳಗಿನಕೊಪ್ಪಕ್ಕೆ ಓಡಿದರು. ಅಲ್ಲಿ ನೋಡಿದರೆ ಹೆಣಗಳು ಆಗಲೇ ಅಂಗಳದಲ್ಲಿ ನಿಂತು ಬೊಬ್ಬೆ ಹಾಕುತ್ತಿವೆ, ಅವರ ಮನೆಯಲ್ಲೂ ಟಿವಿ ಇತ್ತಲ್ಲ. ಗಾಡಿ ಬಂದದ್ದೇ ಅನುಕೂಲವಾಯಿತು. ಗಂಡಸರು ಜಗಳಕ್ಕೆ ಹತ್ತಿದರು, ಹೆಂಗಸರು ಜಗಳ ನೋಡಲಿಕ್ಕೆ ಹತ್ತಿದರು, ಮಕ್ಕಳನ್ನು ಬಿಟ್ಟು ಹೋಗುವ ಹಾಗಿಲ್ಲ. ನಾಗಪತಿಯ ಹೆಂಡತಿ ವೆಂಕಮ್ಮನಂತೂ, ಬದುಕಿದ ಗಂಡನಿಗೆ ಹಾರ ಬಿದ್ದಮೇಲೆ ದೇವಿಯ ಗುಡಿಯಲ್ಲಿ ಕಾಯಿ ಒಡೆಯದೆ ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು, ಕೇರಿಯಲ್ಲಿದ್ದ ಮೂವರು ಮುದುಕಿಯರನ್ನೂ ಏಳಿಸಿ ಟೆಂಪೊ ಹತ್ತಿಸಿದಳು. ಜೀವ ಉಳಿಸಿಕೊಳ್ಳಲು ಹೊರಡದ ಜನ ಮರ್ಯಾದೆ ಉಳಿಸಿಕೊಳ್ಳಲು ಹತ್ತು ನಿಮಿಷದಲ್ಲಿ ಹೊರಟಿದ್ದರು.

ನಾನು ಆಫೀಸು ತಲುಪಿದಾಗ ರಸ್ತೆ ತುಂಬ ಜನ. ಸುದ್ದಿ ಕೇಳಿ ಓಡಿ ಬಂದಿದ್ದ ಉಲ್ಲಾಸ ಈಗ ಬ್ಯಾಟರಿ ಕೋಣೆಯೊಳಗೆ ಚಿಲಕ ಹಾಕಿಕೊಂಡು, "ನನಗೇನೂ ಗೊತ್ತಿಲ್ಲ, ಎಲ್ಲ ಅವಳೇ ಮಾಡಿದ್ದು" ಎಂದು ಬಾಗಿಲ ಸಂದಿಯಿಂದ ಕೂಗುತ್ತಿದ್ದ. ಮಾಧ್ಯಮದ ಧೈರ್ಯ ಅಷ್ಟು. ಮಮತಾ ಕುರ್ಚಿಯಲ್ಲೇ ಕೂತಿದ್ದಳು. ನಾಗಪತಿ ಮೇಜು ಗುದ್ದುತ್ತಿದ್ದ.

"ಅನ್ನ ಹಾಕಿದ್ದಕ್ಕೆ ಇದಾ? ನನಗೆ ಹಾರ ಹಾಕ್ತ್ಯಾ?"

ಅವಳು ಅವನ ಮುಖ ನೋಡುತ್ತಲೇ ಇರಲಿಲ್ಲ. ಅವನ ಹಿಂದೆ ನೋಡುತ್ತಿದ್ದಳು, ಒಬ್ಬೊಬ್ಬರನ್ನಾಗಿ. "ಸಣ್ಣಜ್ಜಿ ಬಂದಿದ್ದಾಳಾ?" ಎಂದು ಕೇಳಿದಳು.

"ಟೆಂಪೊದಲ್ಲಿ ಇದ್ದಾಳೆ" ಎಂದಳು ವೆಂಕಮ್ಮ, ಬೈಯುವ ನಡುವೆಯೇ.

"ಕೊನೇ ಮನೆಯ ಬಾಣಂತಿ?"

"ಅವಳೂ ಬಂದ್ಳು, ಮಗೂನೂ ಬಂತು. ನಿನಗೆಂತಕ್ಕೆ ಅದು?"

"ಹಾಗಾದ್ರೆ ಎಲ್ಲರೂ ಬಂದ್ರಿ" ಎಂದಳು ಮಮತಾ. ಕಂಪ್ಯೂಟರಿನ ಕಡೆ ತಿರುಗಿ ಕಪ್ಪು ಪರದೆ ತೆಗೆದಳು. ತೆಗೆಯುವ ಮೊದಲು ನಾನು ಫೋಟೊಗಳ ಕೆಳಗಿನ ಸಣ್ಣ ಅಕ್ಷರಗಳನ್ನು ಮೊದಲ ಸಲ ಪೂರ್ತಿ ಓದಿದೆ: 'ಈ ಆರು ಮಂದಿ ಇಂದು ಸಂಜೆ ನಾಲ್ಕಕ್ಕೆ ಹೊಳೆ ಪಾಲಾದರು. ಅದಕ್ಕೆ ಮೊದಲೇ ಮನೆ ಬಿಟ್ಟು ಮೇಲಿನ ಶಾಲೆಗೆ ಹೋದರೆ ಈ ಸುದ್ದಿ ಸುಳ್ಳಾಗುತ್ತದೆ.' ಗೋಡೆಯ ಗಡಿಯಾರದಲ್ಲಿ ಆಗ ಎರಡೂ ಕಾಲು.

ಒಂದೂವರೆ ಗಂಟೆ ಆ ಸಾಲು ತಾಲ್ಲೂಕಿನ ಅಷ್ಟೂ ಟಿವಿಗಳಲ್ಲಿ ನಿಂತಿತ್ತು. ಸಂಜೆ ನಾಲ್ಕಕ್ಕೆ ಸಾಯುವವರು ಮಧ್ಯಾಹ್ನವೇ ಹೇಗೆ ಸತ್ತರು ಎಂದು ಒಬ್ಬ ನರಪಿಳ್ಳೆ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅತ್ತುಕೊಂಡು ಬೈಕ್ ಓಡಿಸಿದೆ.

ಜಗಳ ಮೂರೂವರೆ ದಾಟಿತು. ದಾವೆ ಹಾಕುತ್ತೇವೆ ಎಂದರು, ಅವಳ ಕೈ ಮುರಿಯುತ್ತೇವೆ ಎಂದರು, ಉಲ್ಲಾಸ ಸಂದಿಯಿಂದಲೇ ಎಲ್ಲರಿಗೂ ಚಾ ತರಿಸಿದ. ಚಾ ಕುಡಿಯುತ್ತಿರುವಾಗ ನಾಗಪತಿಯ ಫೋನು ಹೊಡೆದುಕೊಂಡಿತು. ಮೇಲಿನ ಶಾಲೆಯ ಮಾಸ್ತರು. ಹೊಳೆ ಸೇತುವೆ ಹತ್ತಿದೆ, ಕೆಳಗಿನಕೊಪ್ಪದಲ್ಲಿ ಎರಡು ಮನೆಯ ಹಂಚು ಮಾತ್ರ ಕಾಣುತ್ತಿದೆ, ನೀವೆಲ್ಲ ಎಲ್ಲಿದ್ದೀರಿ ಎಂದು ಅವರು ಕೇಳುತ್ತಿದ್ದರು.

ಈಗಲಾದರೂ ಯಾರಾದರೂ ಆ ಹುಡುಗಿಯ ತಲೆ ಮೇಲೆ ಕೈ ಇಡುತ್ತಾರೆ ಎಂದು ನಾನು ಕಾದೆ. ನಾಗಪತಿ ಚಾ ಲೋಟ ಕೆಳಗಿಟ್ಟ.

"ನನ್ನ ಎಮ್ಮೆ! ಎರಡೂ ಕಟ್ಟಿದಲ್ಲೇ ಅವೆ!" ಎಂದು ಕೂಗಿ ಮಮತಾಳ ಕಡೆ ತಿರುಗಿದ. "ನೀ ಈ ಹುಚ್ಚು ಆಟ ಆಡದೆ ಇದ್ದಿದ್ರೆ ನಾನು ಮನೇಲೇ ಇರ್ತಿದ್ದೆ. ಬಿಚ್ಚಿ ಬಿಡ್ತಿದ್ದೆ!"

ಹೌದು ಹೌದು ಎಂದು ನಾಲ್ಕು ದನಿ ಎದ್ದವು. ಎಮ್ಮೆಗಳ ಬಗ್ಗೆ ನನಗೂ ಕನಿಕರ ಇದೆ, ಆ ಊರಿನಲ್ಲಿ ಹೇಳಿದ ಮಾತು ಕೇಳುವ ಪ್ರಾಣಿಗಳು ಅವೆರಡೇ ಇದ್ದವು.

ಜನ ಹೋದಮೇಲೆ ನಾನು ಮಮತಾಳನ್ನು ಕೇಳಿದೆ. "ಆ ಸಣ್ಣ ಅಕ್ಷರ ಓದಿ ಶಾಲೆಗೆ ಹೋಗ್ತಾರೆ ಅಂದ್ಕಂಡ್ಯಾ?"

"ಹನ್ನೊಂದು ವರ್ಷ ಟೈಪ್ ಮಾಡಿದ್ದೇನೆ ಸತೀಶಣ್ಣ. ಯಾರೂ ಓದೂದಿಲ್ಲ ಅಂತ ಗೊತ್ತಿತ್ತು" ಎಂದಳು. "ಒಂದು ಮನೆಯವರದ್ದು ಹಾಕಿದ್ರೆ ಉಳಿದ ಐದು ಮನೆಯವರು ಅಲ್ಲೇ ಇರ್ತಿದ್ರು. ಅದಕ್ಕೆ ಒಂದೊಂದು ಮನೆಯಲ್ಲಿ ಯಾರಿಗೆ ಸಿಟ್ಟು ಜಾಸ್ತಿಯೋ ಅವರದ್ದೇ ಹಾಕ್ದೆ."

ಮರುದಿನ ಬೆಳಿಗ್ಗೆ ಉಲ್ಲಾಸ ಎದೆ ಉಬ್ಬಿಸಿಕೊಂಡು ಬಂದ. ಪೇಟೆಯ ಶಾಲೆಯಲ್ಲಿ ಉಳಿದುಕೊಂಡಿದ್ದ ಕೆಳಗಿನಕೊಪ್ಪದವರಿಗೆ ಒಂದು ಟಿವಿ ದಾನ ಕೊಟ್ಟು, ಕೊಡುವ ಫೋಟೊ ಹೊಡೆಸಿಕೊಂಡು ಬಂದಿದ್ದ. ನಾಗಪತಿಯ ಬೇಡಿಕೆ ಒಂದೇ ಅಂತೆ: ಯಾವ ಜಾಗದಲ್ಲಿ ಸತ್ತೆವು ಎಂದು ಹಾಕಿದ್ದೀರೋ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಸತ್ತಿಲ್ಲ ಎಂದು ಹಾಕಬೇಕು. ತಪ್ಪೊಪ್ಪಿಗೆಯೂ ಬೇಕು.

"ಅದೊಂದು ಟೈಪ್ ಮಾಡಿಟ್ಟು ನೀನು ಹೊರಡು" ಎಂದ ಉಲ್ಲಾಸ. "ನಾಳೆಯಿಂದ ಬರೂದು ಬೇಡ. ಕೊನೆಗೆ ವಿಷಾದಿಸುತ್ತೇವೆ ಅಂತ ಸೇರಿಸು."

"ಎಂತಕ್ಕೆ ವಿಷಾದ, ಸರ್? ಅವರು ಸಾಯದೆ ಇದ್ದದ್ದಕ್ಕಾ?"

ಅವನು ಮೊಬೈಲಿನಲ್ಲಿ ತನ್ನ ಫೋಟೊ ನೋಡುತ್ತಿದ್ದ. "ಹಾಂ, ಅದಕ್ಕೇ. ಬೇಗ ಹಾಕು" ಎಂದ.

ಅವಳು ಟೈಪ್ ಮಾಡಿದಳು, ಚೀಲ ಹೆಗಲಿಗೆ ಹಾಕಿಕೊಂಡಳು, ನನಗೆ ಬರ್ತೇನೆ ಎಂದಳು, ಹೋದಳು. ಈಗ ಸಿದ್ದಾಪುರದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ. ನಾನು ತಡೆಯಲಿಲ್ಲ.

ಹನ್ನೆರಡೂ ಮುಕ್ಕಾಲಿಗೆ ನಾನು ದಾನದ ಟಿವಿಗೆ ವೈರು ಕೊಡಲು ಶಾಲೆಯಲ್ಲಿದ್ದೆ. ಆರೂ ಮನೆಯವರು ಸಾಲಾಗಿ ಕೂತಿದ್ದರು, ಮುಂದೆ ಎಲೆ ಹಾಕಿತ್ತು, ಅನ್ನ ಹೊಗೆಯಾಡುತ್ತಿತ್ತು. ಹಾಡು ನಿಂತಿತು. ಅದೇ ಆರು ಫೋಟೊ, ಈ ಸಲ ಹಾರ ಇಲ್ಲ. ಕೆಳಗೆ ಎರಡು ಸಾಲು: 'ಕೆಳಗಿನಕೊಪ್ಪದ ಈ ಆರು ಮಂದಿ ಬದುಕಿದ್ದಾರೆ. ಅದಕ್ಕಾಗಿ ವಿಷಾದಿಸುತ್ತೇವೆ.'

"ಹಾಂ, ಈಗ ಸರಿಯಾಯ್ತು ನೋಡು" ಎಂದ ನಾಗಪತಿ. ಉಳಿದವರೂ ತಲೆಯಾಡಿಸಿದರು. ಆಮೇಲೆ ಎಲ್ಲರೂ ಎಲೆಯ ಕಡೆ ತಿರುಗಿ ಉಣ್ಣಲು ಶುರು ಮಾಡಿದರು.